ತಂದೆಯ ಕಣ್ಣೀರು, ಮಗನ ಪೌರುಷ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆ ನಮ್ಮಲ್ಲಿದೆ. ಗಂಡಸು ಅತ್ತರೆ ಅದರಲ್ಲಿ ಏನೋ ಕಪಟವಿದೆ ಎಂದು ಅದರ ಅರ್ಥ. ಆದರೆ ತಂದೆಯೊಬ್ಬನ ಕಣ್ಣೀರೇ ಮಗನ ಬಾಳಿಗೆ ದೊಡ್ಡ ಪಾಠವಾದ ಉದಾಹರಣೆಯೂ ನಮ್ಮ ಇತಿಹಾಸದಲ್ಲಿದೆ.

ಮೋಹನದಾಸ ಗಾಂಧಿ 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿ ರಾಜಕೋಟೆಯಲ್ಲಿ ಬೆಳೆದವರು. ಅಂದು ಗಂಡಸುತನದ ಅಳತೆಗೋಲು ಆಳುವವರ ಕೈಯಲ್ಲಿತ್ತು. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ಬಲಿಷ್ಠರಾಗಿ ನಮ್ಮನ್ನು ಆಳುತ್ತಿದ್ದಾರೆ ಎಂಬ ಮಾತು ಶಾಲೆಯ ಹುಡುಗರಲ್ಲಿ ಹರಡಿತ್ತು. ಕತ್ತಲೆಗೂ ಹೆದರುತ್ತಿದ್ದ ಮೋಹನದಾಸ ಗೆಳೆಯನ ಮಾತು ನಂಬಿ ಗುಟ್ಟಾಗಿ ಮಾಂಸ ತಿಂದ. ತಾಯಿಗೆ ಸುಳ್ಳು ಹೇಳಬೇಕಾಗಿ ಬಂದದ್ದು ಸಹಿಸಲಾಗದೆ ಬಿಟ್ಟ.

ಮನೆಯಲ್ಲಿದ್ದ ಅಳತೆಗೋಲೇ ಬೇರೆ. ತಾಯಿ ಪುತಲೀಬಾಯಿ ಒಂದು ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲ ಎಂಬ ವ್ರತ ಹಿಡಿದಿದ್ದರು. ಮೋಡ ಸರಿದಾಗ ಮಕ್ಕಳು ಕೂಗುತ್ತಿದ್ದರು. ಆಕೆ ಹೊರಬರುವಷ್ಟರಲ್ಲಿ ಸೂರ್ಯ ಮರೆಯಾದರೆ, ನಗುನಗುತ್ತಲೇ ಉಪವಾಸ ಒಳಹೋಗುತ್ತಿದ್ದರು. ಬಲ ಎಂಬುದು ತೋಳಿನಲ್ಲಿ ಮಾತ್ರ ಇರುವುದಿಲ್ಲ ಎಂದು ಮಗ ಕಂಡದ್ದು ಅಲ್ಲಿ.

ಹದಿನೈದರ ವಯಸ್ಸಿನಲ್ಲಿ ಆತ ಅಣ್ಣನ ಕಡಗದಿಂದ ತುಸು ಚಿನ್ನ ಕದ್ದ. ತಾಳಲಾಗದೆ ತಪ್ಪೊಪ್ಪಿಗೆಯ ಚೀಟಿ ಬರೆದು ಕಾಯಿಲೆಯಿಂದ ಮಲಗಿದ್ದ ತಂದೆಗೆ ಕೊಟ್ಟ. ದಿವಾನರಾಗಿ ಬಾಳಿದ, ಮುಂಗೋಪಿಯೆನಿಸಿದ್ದ ಕರಮಚಂದರು ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಕುಳಿತು ಓದಿ ಕಣ್ಣೀರಿಟ್ಟರು, ಚೀಟಿ ಹರಿದರು. ಅದು ತನಗೆ ಅಹಿಂಸೆಯ ಪ್ರತ್ಯಕ್ಷ ಪಾಠವಾಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ನೆನೆಯುತ್ತಾರೆ.

ಹಾಗೆಂದು ಮನೆ ಕಲಿಸಿದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಹದಿಮೂರಕ್ಕೇ ಮದುವೆಯಾಯಿತು. ಕಸ್ತೂರಬಾ ಎಲ್ಲಿಗೆ ಹೋಗಬೇಕಾದರೂ ತನ್ನ ಅಪ್ಪಣೆ ಬೇಕೆಂದು ಬಾಲಕ ಗಂಡ ಹಟ ಹಿಡಿದ. ಆಕೆ ಮಣಿಯಲಿಲ್ಲ. 1898ರಲ್ಲಿ ಡರ್ಬನ್ನಿನ ಮನೆಯಲ್ಲಿ, ಅಸ್ಪೃಶ್ಯರೆನಿಸಿದ್ದ ಕುಟುಂಬದ ಗುಮಾಸ್ತರೊಬ್ಬರ ಮೂತ್ರಪಾತ್ರೆ ತೆಗೆಯುವ ವಿಚಾರಕ್ಕೆ ಜಗಳವಾಗಿ, ಗಾಂಧಿ ಹೆಂಡತಿಯನ್ನು ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ನಿಮಗೆ ನಾಚಿಕೆಯಿಲ್ಲವೇ, ಈ ಪರದೇಶದಲ್ಲಿ ನಾನೆಲ್ಲಿಗೆ ಹೋಗಲಿ ಎಂದು ಆಕೆ ಅಳುತ್ತ ಕೇಳಿದಾಗ ಅವರು ತಲೆತಗ್ಗಿಸಿದರು. ಜಾತಿಭೇದ ಅಳಿಸಲು ಹೊರಟ ಕೈಯೇ ಗಂಡನ ದರ್ಪವನ್ನೂ ಹಿಡಿದುಕೊಂಡಿತ್ತು. ಮುಂದೆ, ಅಹಿಂಸೆಯನ್ನು ಕಲಿತದ್ದು ಹೆಂಡತಿಯಿಂದ ಎಂದೂ ಅವರು ಹೇಳಿದ್ದುಂಟು.

ಮನೆ ಗಂಡುಮಗನಿಗೆ ಕರುಣೆಯನ್ನೂ ಕೊಡುತ್ತದೆ, ಯಜಮಾನಿಕೆಯನ್ನೂ ಕೊಡುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಳಚಬೇಕು ಎಂದು ಅರಿಯುವುದು ಅವನ ಹೊಣೆ. ಅಳುವ ಮಗನನ್ನು ಹೆಣ್ಣಿಗನೆಂದು ಗದರುವ ಮುನ್ನ, ರಾಜಕೋಟೆಯ ಆ ತಂದೆಯನ್ನು ಒಮ್ಮೆ ನೆನೆಯಬಹುದು.