ವಿಲ್ಲಿ ಬ್ರಾಂಟ್: ತಪ್ಪು ಮತ್ತು ಹೊಣೆ

1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿದ್ದರು. ನಾಜಿಗಳ ವಿರುದ್ಧ ದಂಗೆಯೆದ್ದು ಮಡಿದ ಘೆಟ್ಟೊದ ಯೆಹೂದಿಗಳ ಸ್ಮಾರಕದ ಮುಂದೆ ಅವರು ಹೂಮಾಲೆಯನ್ನಿರಿಸಿದರು, ಅದರ ಪಟ್ಟಿಗಳನ್ನು ಸರಿಪಡಿಸಿ ಹಿಂದೆ ಸರಿದರು. ಬಳಿಕ ಒದ್ದೆಯಾದ ಕಲ್ಲಿನ ಮೇಲೆ ಮೊಣಕಾಲೂರಿ ಕುಳಿತರು. ಒಂದು ಮಾತನ್ನೂ ಆಡಲಿಲ್ಲ. ಜೊತೆಯಲ್ಲಿ ಬಂದಿದ್ದ ಅಧಿಕಾರಿಗಳಿಗೂ ಇದು ಅನಿರೀಕ್ಷಿತವಾಗಿತ್ತು.

ಆ ಛಾಯಾಚಿತ್ರವನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. ಅದನ್ನು ಕಂಡಾಗಲೆಲ್ಲ ನನ್ನಲ್ಲಿ ಏಳುವ ಪ್ರಶ್ನೆ ಒಂದೇ. ಈ ಮನುಷ್ಯ ಯಾವ ತಪ್ಪಿಗಾಗಿ ಮೊಣಕಾಲೂರಿದ? ಹಿಟ್ಲರನ ಆಳ್ವಿಕೆಯ ಹನ್ನೆರಡು ವರ್ಷ ಅವನು ಹಿಟ್ಲರನ ವಿರೋಧಿಯಾಗಿಯೇ ಬದುಕಿದವನು. ಕ್ಷಮೆ ಕೇಳಬೇಕಾದವರು ಬೇರೆ ಇದ್ದರು. ಕೇಳಿದವನು ಮಾತ್ರ ಇವನು. ಬ್ರಾಂಟರ ರಾಜಕೀಯ ಜೀವನವನ್ನು ಅರಿಯಲು ಈ ವೈಪರೀತ್ಯದಿಂದಲೇ ಹೊರಡಬೇಕೆಂದು ನನಗೆ ತೋರುತ್ತದೆ.

ಬ್ರಾಂಟ್ ಹುಟ್ಟಿದ್ದು 1913ರಲ್ಲಿ, ಬಾಲ್ಟಿಕ್ ತೀರದ ಲ್ಯೂಬೆಕ್ ನಗರದಲ್ಲಿ. ತಾಯಿ ಅವಿವಾಹಿತೆ, ಅಂಗಡಿಯಲ್ಲಿ ದುಡಿಯುತ್ತಿದ್ದವಳು. ಮಗುವಿಗಿಟ್ಟ ಹೆಸರು ಹರ್ಬರ್ಟ್ ಫ್ರಾಮ್. ಸಾಕಿದವನು ಸಮಾಜವಾದಿಯಾಗಿದ್ದ ಅಜ್ಜ. ಬಾಲ್ಯದ ಒಂದು ಪ್ರಸಂಗವನ್ನು ಬ್ರಾಂಟ್ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಮುಷ್ಕರದ ದಿನಗಳಲ್ಲಿ ಹಸಿದ ಹುಡುಗನೊಬ್ಬ ರೊಟ್ಟಿಯಂಗಡಿಯ ಕಿಟಕಿಯನ್ನೇ ನೋಡುತ್ತ ನಿಂತಿದ್ದ. ಅಜ್ಜ ದುಡಿಯುತ್ತಿದ್ದ ಕಾರ್ಖಾನೆಯ ನಿರ್ದೇಶಕ ಅವನಿಗೆ ಎರಡು ರೊಟ್ಟಿ ಕೊಡಿಸಿದ. ಹುಡುಗ ಹಿಗ್ಗಿನಿಂದ ಮನೆಗೆ ಓಡಿದ. ಅಜ್ಜ ರೊಟ್ಟಿಗಳನ್ನು ಹಿಂದಿರುಗಿಸಿ ಬರುವಂತೆ ಹೇಳಿದ. ಮುಷ್ಕರ ಹೂಡಿದವನು ಧಣಿಯ ದಾನವನ್ನು ಸ್ವೀಕರಿಸಬಾರದು. ಅವನು ಕೇಳುತ್ತಿರುವುದು ತನ್ನ ಹಕ್ಕನ್ನು. ಹುಡುಗ ಕಲಿತ ಮೊದಲ ಸಮಾಜವಾದ ಇದು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ನಮ್ಮ ಕಾಗೋಡು ಸತ್ಯಾಗ್ರಹಕ್ಕೆ ಮುಂದೆ ಬಂದು ಸೆರೆಯಾದ ರಾಮಮನೋಹರ ಲೋಹಿಯಾ ಬರ್ಲಿನ್ನಿನಲ್ಲಿ ವ್ಯಾಸಂಗ ಮುಗಿಸಿ ಭಾರತಕ್ಕೆ ಮರಳಿದ್ದು ಅದೇ ವರ್ಷ. ಹತ್ತೊಂಬತ್ತರ ಫ್ರಾಮ್ ಮೀನುಗಾರರ ದೋಣಿಯಲ್ಲಿ ಅಡಗಿ ದೇಶ ಬಿಟ್ಟ, ನಾರ್ವೆ ಸೇರಿದ. ‘ವಿಲ್ಲಿ ಬ್ರಾಂಟ್’ ಎಂಬುದು ಭೂಗತ ಕಾರ್ಯಕ್ಕೆಂದು ಇಟ್ಟುಕೊಂಡ ಹೆಸರು. 1938ರಲ್ಲಿ ನಾಜಿ ಸರ್ಕಾರ ಅವನ ಪೌರತ್ವವನ್ನು ಕಸಿದುಕೊಂಡಿತು. 1940ರಲ್ಲಿ ಜರ್ಮನ್ ಸೈನ್ಯ ನಾರ್ವೆಯನ್ನು ಆಕ್ರಮಿಸಿದಾಗ ನಾರ್ವೆಯ ಸಮವಸ್ತ್ರದಲ್ಲೇ ಸೆರೆಸಿಕ್ಕಿ, ಗುರುತು ಸಿಗದೆ ಬಿಡುಗಡೆಯಾಗಿ, ಸ್ವೀಡನ್ನಿಗೆ ಪಾರಾದ. ಯುದ್ಧ ಮುಗಿದ ಮೇಲೆ ಮರಳಿದ್ದು ಪತ್ರಕರ್ತನಾಗಿ, ನ್ಯೂರೆಂಬರ್ಗ್ ವಿಚಾರಣೆಯನ್ನು ವರದಿ ಮಾಡಲು. 1948ರಲ್ಲಿ ಮತ್ತೆ ಜರ್ಮನ್ ಪ್ರಜೆಯಾದ.

ಈ ಇತಿಹಾಸ ಗೌರವವನ್ನು ತರಬೇಕಿತ್ತು. ತಂದದ್ದು ಮೂದಲಿಕೆಯನ್ನು. ಬ್ರಾಂಟ್ 1957ರಿಂದ ಪಶ್ಚಿಮ ಬರ್ಲಿನ್ನಿನ ಮೇಯರಾಗಿದ್ದರು. 1961ರ ಆಗಸ್ಟ್ 13ರಂದು ಆ ನಗರವನ್ನು ಸೀಳುವ ಗೋಡೆಯ ಕೆಲಸ ಆರಂಭವಾಯಿತು. ಮರುದಿನವೇ ಚಾನ್ಸಲರ್ ಆಡೆನೌವರ್ ಚುನಾವಣಾ ಸಭೆಯೊಂದರಲ್ಲಿ, ತಮ್ಮ ಪ್ರತಿಸ್ಪರ್ಧಿ ಬ್ರಾಂಟರ ಹಳೆಯ ಹೆಸರನ್ನೆತ್ತಿ ಚುಚ್ಚಿದರು. ತಂದೆಯಿಲ್ಲದವನು, ದೇಶ ಬಿಟ್ಟು ಓಡಿದವನು ಎಂಬ ಧ್ವನಿ ಅದರಲ್ಲಿತ್ತು. ಹಾಗಿದ್ದರೂ 1966ರಲ್ಲಿ, ಹಿಂದೆ ನಾಜಿ ಪಕ್ಷದ ಸದಸ್ಯರಾಗಿದ್ದ ಕೀಸಿಂಗರ್ ಅವರ ಸಂಪುಟದಲ್ಲಿ ಬ್ರಾಂಟ್ ವಿದೇಶಾಂಗ ಮಂತ್ರಿಯಾದರು. 1969ರಲ್ಲಿ ತಾವೇ ಚಾನ್ಸಲರಾದರು.

ವಾರ್ಸಾದಲ್ಲಿ ನಡೆದದ್ದು ಬರಿಯ ಭಾವಾವೇಶವಾಗಿರಲಿಲ್ಲ. ಓಡರ್-ನೈಸೆ ನದಿಗಳ ಗೆರೆಯೇ ಪೋಲೆಂಡಿನ ಪಶ್ಚಿಮ ಗಡಿಯೆಂದು ಒಪ್ಪುವ ಒಪ್ಪಂದಕ್ಕೆ ಬ್ರಾಂಟ್ ಅದೇ ದಿನ ಸಹಿ ಹಾಕಿದರು. ಆ ಗೆರೆಯ ಆಚೆ ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟುಬಂದ ಲಕ್ಷಾಂತರ ಜರ್ಮನರು ಪಶ್ಚಿಮ ಜರ್ಮನಿಯ ಮತದಾರರಾಗಿದ್ದರು. ಅವರ ದುಃಖವೂ ಸುಳ್ಳಲ್ಲ. ‘ಡೆರ್ ಶ್ಪೀಗೆಲ್’ ವಾರಪತ್ರಿಕೆ ನಡೆಸಿದ ಅಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 48 ಮಂದಿ ಮೊಣಕಾಲೂರಿದ್ದು ಅತಿಯಾಯಿತೆಂದರು. ಸರಿ ಎಂದವರು 41 ಮಂದಿ. 1971ರಲ್ಲಿ ಬ್ರಾಂಟರಿಗೆ ನೊಬೆಲ್ ಶಾಂತಿ ಪಾರಿತೋಷಿಕ ಬಂದಿತು. 1972ರ ಏಪ್ರಿಲ್‌ನಲ್ಲಿ ಅವರನ್ನು ಕೆಳಗಿಳಿಸುವ ನಿರ್ಣಯ ಸಂಸತ್ತಿನಲ್ಲಿ ಸೋತದ್ದು ಎರಡೇ ಮತಗಳಿಂದ. ವಿರೋಧ ಪಕ್ಷದ ಸದಸ್ಯನೊಬ್ಬನಿಗೆ ಪೂರ್ವ ಜರ್ಮನಿಯ ಗುಪ್ತಚರ ಇಲಾಖೆ ಹಣ ಕೊಟ್ಟಿತ್ತೆಂಬುದು ಆಮೇಲೆ ಹೊರಬಿತ್ತು.

ಅದೇ ಇಲಾಖೆಯೇ ಅವರ ಪತನಕ್ಕೂ ನಿಮಿತ್ತವಾಯಿತು. 1974ರ ಏಪ್ರಿಲ್‌ನಲ್ಲಿ ಅವರ ಆಪ್ತ ಸಹಾಯಕ ಗ್ಯುಂಟರ್ ಗಿಯೋಮ್ ಪೂರ್ವ ಜರ್ಮನಿಯ ಗೂಢಚಾರನೆಂದು ಬಂಧಿತನಾದ. ಪಕ್ಷದೊಳಗಿನ ಒಡಕು, ಬಳಲಿಕೆ ಎಲ್ಲವೂ ಸೇರಿಕೊಂಡಿದ್ದವು. ಆದರೂ ಅಸಡ್ಡೆಯ ಹೊಣೆ ತಮ್ಮದೆಂದು ಬ್ರಾಂಟ್ ಮೇ ತಿಂಗಳಲ್ಲಿ ರಾಜೀನಾಮೆಯಿತ್ತರು.

ಹುದ್ದೆ ಹೋಯಿತು, ಕೆಲಸ ಹಿಗ್ಗಿತು. 1976ರಿಂದ 1992ರವರೆಗೆ ಅವರು ಸಮಾಜವಾದಿ ಅಂತರರಾಷ್ಟ್ರೀಯ ಸಂಘಟನೆಯ ಅಧ್ಯಕ್ಷರಾಗಿದ್ದರು. ಬಡ ಮತ್ತು ಸಿರಿವಂತ ರಾಷ್ಟ್ರಗಳ ಸಂಬಂಧವನ್ನು ಕುರಿತು ಅವರ ನೇತೃತ್ವದ ಆಯೋಗ 1980ರಲ್ಲಿ ವರದಿಯನ್ನು ಪ್ರಕಟಿಸಿತು. ಭಾರತದ ಎಲ್. ಕೆ. ಝಾ ಆ ಆಯೋಗದ ಸದಸ್ಯರು. ಸಿರಿವಂತ ದೇಶಗಳು ತಮ್ಮ ರಾಷ್ಟ್ರೀಯ ಉತ್ಪನ್ನದ ಶೇಕಡಾ 0.7ರಷ್ಟನ್ನು ನೆರವಿಗೆ ಕೊಡಬೇಕು, ವ್ಯಾಪಾರದ ಮತ್ತು ಹಣಕಾಸಿನ ನಿಯಮಗಳೇ ಬದಲಾಗಬೇಕು ಎಂಬುದು ಅದರ ವಾದ. ಅಜ್ಜ ಹಿಂದಿರುಗಿಸಿದ ರೊಟ್ಟಿಯ ಪಾಠವನ್ನು ನಾನು ಇಲ್ಲಿ ಕಾಣುತ್ತೇನೆ. ಆದರೆ 1981ರಲ್ಲಿ ಮೆಕ್ಸಿಕೋದ ಕಾನ್‌ಕುನ್‌ನಲ್ಲಿ ನಡೆದ ಶೃಂಗಸಭೆಯಲ್ಲಿ ಮಾತು ನಡೆಯಿತೇ ಹೊರತು ನಿಯಮಗಳು ಬದಲಾಗಲಿಲ್ಲ.

ಬ್ರಾಂಟರನ್ನು ದೋಷರಹಿತರೆಂದು ನಾನು ಹೇಳಲಾರೆ. ತೀವ್ರವಾದಿಗಳೆಂಬ ಶಂಕೆಯ ಮೇಲೆ ಜನರನ್ನು ಸರ್ಕಾರಿ ನೌಕರಿಯಿಂದ ದೂರವಿಡುವ 1972ರ ನಿರ್ಣಯ ಅವರ ಕಾಲದ್ದೇ. ಅದು ತಪ್ಪೆಂದು ಮುಂದೆ ಅವರೇ ಒಪ್ಪಿಕೊಂಡರು. 1989ರಲ್ಲಿ ಗೋಡೆ ಉರುಳಿದ್ದನ್ನು ಕಣ್ಣಾರೆ ಕಂಡು, 1992ರ ಅಕ್ಟೋಬರ್ 8ರಂದು ತೀರಿಕೊಂಡರು.

ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಮಾಡಿದವನಿಗಷ್ಟೇ ಸೇರಿದ್ದು. ಹೊಣೆಯಾದರೋ ಒಂದು ದೇಶದ ಹೆಸರನ್ನು ತನ್ನದೆಂದು ಹೇಳಿಕೊಳ್ಳುವ ಎಲ್ಲರಿಗೂ ಸೇರಿದ್ದು. ತನ್ನನ್ನು ಹೊರಹಾಕಿದ್ದ ದೇಶದ ಹೊಣೆಯನ್ನು ಬ್ರಾಂಟ್ ತನ್ನದೆಂದು ಹೊತ್ತರು. ನಮ್ಮ ಹಿರಿಯರು ಮಾಡಿದ ಅನ್ಯಾಯಗಳ ಮಾತು ಬಂದಾಗ, ಅದು ನಾವು ಮಾಡಿದ್ದಲ್ಲವೆಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಆಗೆಲ್ಲ ನನಗೆ ಆ ಒದ್ದೆ ಕಲ್ಲು ನೆನಪಾಗುತ್ತದೆ.