ಒಂದೇ ವಿಷ, ಹಲವು ಹೆಸರು, ಹಲವು ನೋಂದಣಿ

ಬಾಗಲಕೋಟೆ, ರಾಯಚೂರು ಸೀಮೆಗಳನ್ನು ಹಾದು ಹೋದ ಕೃಷ್ಣೆ ವಿಜಯವಾಡದ ಭವಾನಿಪುರಂ ಬಡಾವಣೆಯ ಮಗ್ಗುಲಲ್ಲಿ ಹರಿದು ಪ್ರಕಾಶಂ ಬ್ಯಾರೇಜಿಗೆ ಬಂದು ಸೇರುತ್ತಾಳೆ. ಅಲ್ಲಿಂದ ಮುಂದೆ ಎರಡೂ ದಂಡೆಯ ಕಾಲುವೆಗಳು ಆಕೆಯ ನೀರನ್ನು ಡೆಲ್ಟಾದ ಭತ್ತದ ಗದ್ದೆಗಳಿಗೆ ಹಂಚುತ್ತವೆ. ಸಿಂಧನೂರಿನ ಗದ್ದೆಯಾಗಲಿ ಡೆಲ್ಟಾದ ಗದ್ದೆಯಾಗಲಿ, ಕಳೆ ಕೀಳುವ ಆಳು ಸಿಗದ ರೈತ ಔಷಧಿ ಅಂಗಡಿಗೆ ಹೋಗಿ ಕೇಳುವ ಹಳೆಯ ಹೆಸರುಗಳಲ್ಲಿ ಒಂದು ‘ಟೂ ಫೋರ್ ಡಿ’. ಆ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕುಗಳಿವೆ. ನೀರಲ್ಲಿ ಕಲಸುವ ಪುಡಿಯಾಗಿ ಬರುವುದು 2,4-ಡಿ ಸೋಡಿಯಂ ಲವಣ, ಶೇ. 80. ನೀರಲ್ಲಿ ಕರಗುವ ದ್ರಾವಣವಾಗಿ ಬರುವುದು ಅಮೈನ್ ಲವಣ, ಶೇ. 58. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವುದು ಈಥೈಲ್ ಎಸ್ಟರ್, ಶೇ. 38.

ಮೂರರ ಒಳಗೂ ಕಳೆಯನ್ನು ಕೊಲ್ಲುವುದು ಒಂದೇ ಆಮ್ಲ. ಆದರೆ ಅದು ತನ್ನ ಮೂಲ ರೂಪದಲ್ಲಿ ನೀರಿಗೆ ಸರಿಯಾಗಿ ಕರಗದು. ಸೋಡಿಯಂ ಅಥವಾ ಅಮೈನ್ ಜೊತೆ ಸೇರಿಸಿ ಲವಣ ಮಾಡಿದರೆ ಕರಗುತ್ತದೆ. ಎಸ್ಟರ್ ಮಾಡಿದರೆ ಎಲೆಯ ಮೇಣದ ಪದರವನ್ನು ಸಲೀಸಾಗಿ ದಾಟುತ್ತದೆ, ಗಿಡದ ಒಳಗೆ ಹೋದ ಮೇಲೆ ಮತ್ತೆ ಆಮ್ಲವಾಗಿ ಒಡೆಯುತ್ತದೆ. ಎಸ್ಟರಿಗೆ ಇನ್ನೊಂದು ಗುಣವೂ ಇದೆ: ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ತೇಲಿ ಪಕ್ಕದ ಹೊಲದ ಹತ್ತಿಗೋ ದ್ರಾಕ್ಷಿಗೋ ತಗಲುತ್ತದೆ. ಈ ಎರಡು ಬೆಳೆಗಳೂ 2,4-ಡಿಯನ್ನು ಸ್ವಲ್ಪವೂ ತಡೆಯಲಾರವು, ಎಲೆ ಮುರುಟಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಶೇಕಡಾ ಅಂಕಿಯೂ ನೇರ ಹೋಲಿಕೆಗೆ ಸಿಗದು. ಅಣುತೂಕದ ಲೆಕ್ಕ ಹಾಕಿದರೆ ಶೇ. 38ರ ಎಸ್ಟರಿನಲ್ಲಿ ಆಮ್ಲ ಇರುವುದು ಸುಮಾರು ಶೇ. 34, ಶೇ. 58ರ ಅಮೈನ್ ಲವಣದಲ್ಲಿ ಸುಮಾರು ಶೇ. 48.

ಹಾಗಾದರೆ ಸರ್ಕಾರದ ಪುಸ್ತಕದಲ್ಲಿ ಇದು ಒಂದು ವಿಷವೋ ಮೂರೋ? ಭಾರತದ ನೋಂದಣಿ ಪಟ್ಟಿ ಇವನ್ನು ಬೇರೆ ಬೇರೆ ನಮೂದುಗಳಾಗಿ ಇಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರತಿ ಲವಣಕ್ಕೂ ಪ್ರತಿ ಎಸ್ಟರಿಗೂ ಬೇರೆ ಸಂಕೇತ ಸಂಖ್ಯೆ ಕೊಟ್ಟು, ಮರುಪರಿಶೀಲನೆಯ ವೇಳೆ ಮಾತ್ರ ಕುಟುಂಬವನ್ನೆಲ್ಲ ಒಟ್ಟಿಗೆ ಕೂರಿಸುತ್ತದೆ. ಯುರೋಪಿನ ಒಕ್ಕೂಟ ಆಮ್ಲಕ್ಕೆ ಅನುಮತಿ ಕೊಟ್ಟು, ಲವಣ ಮತ್ತು ಎಸ್ಟರ್‌ಗಳನ್ನು ಅದರ ರೂಪಾಂತರಗಳೆಂದು ಗಣಿಸುತ್ತದೆ. ಮೇಲ್ನೋಟಕ್ಕೆ ಇದು ಗುಮಾಸ್ತರ ಕೆಲಸ. ಆದರೆ ಯಾವ ಹೆಸರಿನ ಸುತ್ತ ಗೆರೆ ಎಳೆದರು ಎಂಬುದರಿಂದಲೇ ನಿಷೇಧ ಎಲ್ಲಿಯವರೆಗೆ ಮುಟ್ಟುತ್ತದೆ, ಪ್ರಯೋಗಾಲಯ ಏನನ್ನು ಹುಡುಕುತ್ತದೆ, ನೊಂದವರ ಮಾತಿಗೆ ಪುರಾವೆ ಸಿಗುತ್ತದೋ ಇಲ್ಲವೋ ಎಂಬುದೆಲ್ಲ ತೀರ್ಮಾನವಾಗುತ್ತದೆ. ಇದನ್ನು ಕನ್ನಡ ನಾಡಿನ ಅಂಚಿನ ಹಳ್ಳಿಗಳಷ್ಟು ಕಷ್ಟಪಟ್ಟು ಕಲಿತವರು ಕಡಿಮೆ.

ಭಾರತದಲ್ಲಿ ಈ ಪುಸ್ತಕ ತೆರೆದದ್ದೇ ಒಂದು ದುರಂತದಿಂದ. 1958ರಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ‘ಫಾಲಿಡಾಲ್’ ಎಂಬ ಹೆಸರಿನಲ್ಲಿ ಬರುತ್ತಿದ್ದ ಆ ಕೀಟನಾಶಕ ಸಾಗಣೆಯಲ್ಲಿ ಸೋರಿ ಹಿಟ್ಟಿಗೆ ಸೇರಿತ್ತು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ವಿಚಾರಣೆ ನಡೆಸಿತು. ಹತ್ತು ವರ್ಷಗಳ ಬಳಿಕ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ನಿಯಮಗಳೊಂದಿಗೆ ಜಾರಿಯಾಯಿತು. ಕೇಂದ್ರ ಕೀಟನಾಶಕ ಮಂಡಳಿ ಸಲಹೆ ಕೊಡುವುದು, ನೋಂದಣಿ ಸಮಿತಿ ಪ್ರಮಾಣಪತ್ರ ಕೊಡುವುದು, ರಾಜ್ಯಗಳು ಅಂಗಡಿಗೆ ಪರವಾನಗಿ ಕೊಟ್ಟು ಮಾದರಿ ಪರೀಕ್ಷಿಸುವುದು ಎಂಬ ಹಂಚಿಕೆ ಅಂದಿನಿಂದ ಇಂದಿನವರೆಗೆ ನಡೆದಿದೆ.

ಆ ಕಾಯ್ದೆ ಕೀಟನಾಶಕವನ್ನು ವಿವರಿಸುವ ರೀತಿ ಗಮನಿಸಬೇಕು. ಅನುಸೂಚಿಯಲ್ಲಿ ಹೆಸರಿರುವ ವಸ್ತು ಮತ್ತು ಅದನ್ನು ಒಳಗೊಂಡ ತಯಾರಿಕೆಯೇ ಕಾನೂನಿನ ಕಣ್ಣಿಗೆ ಕೀಟನಾಶಕ. ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸಲು ಅಧಿಸೂಚನೆ ಬೇಕು. ದೇಶಕ್ಕೆ ಹೊಸದಾದ ವಸ್ತುವನ್ನು ತರುವವರು 9ನೇ ಸೆಕ್ಷನ್ನಿನ 3ನೇ ಉಪಸೆಕ್ಷನ್ ಅಡಿ ವಿಷಪರೀಕ್ಷೆ, ಬೆಳೆಪರೀಕ್ಷೆಗಳ ಕಡತ ಒಪ್ಪಿಸಬೇಕು. ಒಬ್ಬರು ನೋಂದಾಯಿಸಿದ್ದನ್ನೇ ಇನ್ನೊಬ್ಬರು ಮಾಡುವುದಾದರೆ 4ನೇ ಉಪಸೆಕ್ಷನ್ನಿನ ಹಗುರ ದಾರಿ ಇದೆ. ಹೀಗಾಗಿ ‘ಅದೇ ವಸ್ತು’ ಯಾವುದು, ‘ಹೊಸ ವಸ್ತು’ ಯಾವುದು ಎಂಬುದು ಕೋಟಿಗಟ್ಟಲೆ ರೂಪಾಯಿಯ ಪ್ರಶ್ನೆಯೂ ಹೌದು.

ಲವಣದ ವಿಷಯ ಇಷ್ಟಾದರೆ, ಐಸೋಮರ್‌ಗಳದ್ದು ಇನ್ನೂ ಸೂಕ್ಷ್ಮ. ಪಠ್ಯಪುಸ್ತಕಗಳು ಇವನ್ನು ಸಮಾಂಗಿಗಳು ಎನ್ನುತ್ತವೆ. ಪರಮಾಣುಗಳು ಅವೇ, ಲೆಕ್ಕವೂ ಅದೇ, ಜೋಡಣೆ ಮಾತ್ರ ಬೇರೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಒಗ್ಗದಂತೆ ಒಂದು ರೂಪ ಕೀಟದ ನರಕ್ಕೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಗ್ಯಾಮಾಕ್ಸಿನ್ ಪುಡಿ’ ಎಂದು ಹೊಲಕ್ಕೂ ಧಾನ್ಯಕ್ಕೂ ಇರುವೆ ಗೂಡಿಗೂ ಎರಚುತ್ತಿದ್ದ ಬಿ.ಎಚ್.ಸಿ. ಇದಕ್ಕೆ ತಕ್ಕ ಉದಾಹರಣೆ. ಮೈಕೆಲ್ ಫ್ಯಾರಡೆ 1825ರಲ್ಲೇ ತಯಾರಿಸಿದ್ದ ಈ ವಸ್ತುವಿನಲ್ಲಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ರೂಪಗಳು ಬೆರೆತಿರುತ್ತವೆ. ಕೀಟ ಕೊಲ್ಲುವುದು ಮುಖ್ಯವಾಗಿ ಗಾಮಾ. ಅದು ಮಿಶ್ರಣದಲ್ಲಿ ಇರುವುದು ಶೇ. 10ರಿಂದ 15 ಮಾತ್ರ. ಉಳಿದದ್ದೆಲ್ಲ ಹೊರೆ. ಅದರಲ್ಲೂ ಬೀಟಾ ರೂಪ ಕೊಬ್ಬಿನಲ್ಲಿ ಕೂತರೆ ಸುಲಭಕ್ಕೆ ಹೋಗುವುದಿಲ್ಲ.

ಶುದ್ಧ ಗಾಮಾವನ್ನು ಬೇರ್ಪಡಿಸಿ ಲಿಂಡೇನ್ ಎಂದು ಮಾರಿದರು. ಭಾರತ 1997ರ ಏಪ್ರಿಲ್ 1ರಿಂದ ಬಿ.ಎಚ್.ಸಿ.ಯನ್ನು ನಿಷೇಧಿಸಿತು, ಆದರೆ ಲಿಂಡೇನ್ ಬೇರೆ ಹೆಸರಿನ ಬೇರೆ ನಮೂದಾಗಿ ಉಳಿಯಿತು. ಅದರ ತಯಾರಿಕೆ ನಿಂತದ್ದು 2011ರಲ್ಲಿ, ಬಳಕೆ ನಿಂತದ್ದು 2013ರಲ್ಲಿ. ಒಂದು ಟನ್ ಲಿಂಡೇನ್ ತೆಗೆದರೆ ಎಂಟು ಹತ್ತು ಟನ್ ಬೇಡದ ಐಸೋಮರ್ ಉಳಿಯುತ್ತದೆ. ಹದಿನಾಲ್ಕು ವರ್ಷ ಕಾಲ ಮುಂಬಾಗಿಲಿನಿಂದ ಹೊರಹೋದ ವಸ್ತು ಕಾರ್ಖಾನೆಯ ಹಿತ್ತಿಲಲ್ಲಿ ಉತ್ಪತ್ತಿಯಾಗುತ್ತಲೇ ಇತ್ತು. 2009ರಲ್ಲಿ, ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತೊಡೆದುಹಾಕಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಆಲ್ಫಾ, ಬೀಟಾ, ಲಿಂಡೇನ್ ಮೂರನ್ನೂ ಪ್ರತ್ಯೇಕವಾಗಿ ಹೆಸರಿಸಿ ಪಟ್ಟಿಗೆ ಸೇರಿಸಿದವು. ಹಾಗೆ ಸೇರಿಸಿದ್ದರಿಂದ ಕಸವೂ ಕಾನೂನಿನ ಒಳಗೆ ಬಂತು.

ಬೇಡದ ಐಸೋಮರ್ ಡಬ್ಬಿಯೊಳಗೇ ಹುಟ್ಟುವುದೂ ಉಂಟು. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಗೆ ಮೆಲಾಥಿಯಾನ್ ಸಿಂಪಡಿಸುತ್ತಿದ್ದ 7,500 ಕೆಲಸಗಾರರಲ್ಲಿ ಸುಮಾರು 2,800 ಮಂದಿ ಅಸ್ವಸ್ಥರಾದರು, ಐವರು ಸತ್ತರು. ಸಂಗ್ರಹದಲ್ಲಿದ್ದಾಗ ಮೆಲಾಥಿಯಾನ್‌ನ ಒಂದಂಶ ಐಸೋಮೆಲಾಥಿಯಾನ್ ಆಗಿ ಮಾರ್ಪಟ್ಟಿತ್ತು. ಅದು ದೇಹ ವಿಷವನ್ನು ಕಳೆದುಕೊಳ್ಳುವ ದಾರಿಯನ್ನೇ ಮುಚ್ಚುತ್ತದೆ. ಆ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಗುಣಮಟ್ಟದ ನಿಯಮಗಳಲ್ಲಿ ಕಲ್ಮಶಗಳಿಗೂ ಮಿತಿ ಬಂತು. ಈಗ ‘ಅದೇ ವಸ್ತು’ ಎಂದು ಸಾಧಿಸುವವರು ಮುಖ್ಯ ಅಂಶದ ಜೊತೆಗೆ ಕಲ್ಮಶಗಳ ಪಟ್ಟಿಯನ್ನೂ ಹೊಂದಿಸಿ ತೋರಿಸಬೇಕು.

ಸುಧಾರಣೆಯ ಕಡೆಗೂ ಈ ವಿದ್ಯೆ ಸಾಗಿತು. 1974ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ಒಂದೇ ಐಸೋಮರಿನಿಂದಾದ ಡೆಲ್ಟಾಮೆಥ್ರಿನ್ ತಯಾರಿಸಿತು. ಎಂಟು ಐಸೋಮರ್‌ಗಳ ಮಿಶ್ರಣವಾದ ಸೈಪರ್‌ಮೆಥ್ರಿನ್‌ನಿಂದ ಹೆಚ್ಚು ಚುರುಕಾದ ಒಂದು ಜೋಡಿಯನ್ನು ಆರಿಸಿ ಆಲ್ಫಾ ಸೈಪರ್‌ಮೆಥ್ರಿನ್ ಮಾಡಿದರು. ನೋಂದಣಿಯಲ್ಲಿ ಇವೆರಡೂ ಬೇರೆ. ಆಹಾರದ ಶೇಷಾಂಶ ಅಳೆಯುವಾಗ ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮ ಇವನ್ನು ಒಂದೇ ಲೆಕ್ಕದಲ್ಲಿ ಕೂಡಿಸುತ್ತದೆ. ಗುಂಟೂರಿನ ಮೆಣಸಿನಕಾಯಿಯಾಗಲಿ ಬ್ಯಾಡಗಿಯದಾಗಲಿ, ರಫ್ತಿನ ಬಾಗಿಲಲ್ಲಿ ಕೇಳುವುದು ಒಟ್ಟು ಮೊತ್ತವನ್ನು. ಇದು ಸರಿಯಾದ ಕ್ರಮ. ಹೊಟ್ಟೆಗೆ ಹೋದದ್ದನ್ನು ಹೊಟ್ಟೆಯ ಲೆಕ್ಕದಲ್ಲೇ ಅಳೆಯಬೇಕು.

ಕಾಸರಗೋಡಿನಲ್ಲಿ ನಡೆದ ಹೋರಾಟದ ಒಂದು ಭಾಗ ಈ ಲೆಕ್ಕಕ್ಕೇ ಸಂಬಂಧಿಸಿದ್ದು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ಹತೋಟಿಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ತುದಿಯ ತೋಟ, ಕೆಳಗೆ ಮನೆ, ನೀರಿನ ಸುರಂಗ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡದ ಹಳ್ಳಿಗಳು ಅದರ ಅಡಿಯಲ್ಲಿದ್ದವು. ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ ಆರಂಭದ ವರ್ಷಗಳಲ್ಲೇ ಬರೆದರು. ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಗಳನ್ನು ದಾಖಲಿಸುತ್ತ ಬಂದರು. ಸ್ಥಳೀಯ ಮಹಿಳೆ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಬೇಕೆಂದು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ತೋಟಗಳ ಸುತ್ತ ಇದೇ ಕಥೆ.

ಮಾರುಕಟ್ಟೆಯ ಎಂಡೋಸಲ್ಫಾನ್ ಆಲ್ಫಾ ಮತ್ತು ಬೀಟಾ ಐಸೋಮರ್‌ಗಳ ಮಿಶ್ರಣ, ಹೆಚ್ಚು ಕಡಿಮೆ ಏಳಕ್ಕೆ ಮೂರು. ಆಲ್ಫಾ ಬೇಗ ಆವಿಯಾಗುತ್ತದೆ. ಮಣ್ಣಿನಲ್ಲೂ ದೇಹದಲ್ಲೂ ಎರಡೂ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರನೆಯ ವಸ್ತುವಾಗುತ್ತವೆ. ಅದರ ವಿಷ ತಾಯಿಗಿಂತ ಕಡಿಮೆಯದಲ್ಲ, ಆಯುಷ್ಯ ಇನ್ನೂ ಹೆಚ್ಚು. ಮೂಲ ಎರಡನ್ನಷ್ಟೇ ನೋಡಿ ‘ಬೇಗ ಕರಗುತ್ತದೆ’ ಎನ್ನುವವರಿಗೂ ಮೂರನ್ನೂ ಕೂಡಿಸಿ ‘ಉಳಿಯುತ್ತದೆ’ ಎನ್ನುವವರಿಗೂ ಜಗಳ ಹತ್ತಿದ್ದು ಇಲ್ಲಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳಲ್ಲಿ ಭಾರಿ ಶೇಷಾಂಶ ಕಂಡಿತು. ತೋಟದ ನಿಗಮ ಮಾಡಿಸಿದ ಅಧ್ಯಯನ ಅದನ್ನು ಒಪ್ಪಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ 117 ಹುಡುಗರನ್ನೂ ಬೇರೆ ಊರಿನ 90 ಹುಡುಗರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಡ್ರೆಯ ಹುಡುಗರ ರಕ್ತದ ಸರಾಸರಿ ಎಂಡೋಸಲ್ಫಾನ್ ಪ್ರಮಾಣ ಶತಕೋಟಿಗೆ 7.47 ಅಂಶ, ಬೇರೆ ಊರಿನವರಲ್ಲಿ 1.37. ಸಿಂಪಡಣೆ ನಿಂತ ಮೇಲೂ ರಕ್ತದಲ್ಲಿದ್ದ ವಿಷ ಇದು.

2011ರ ಏಪ್ರಿಲ್‌ನಲ್ಲಿ ಜಿನೀವಾದ ಸಮಾವೇಶ ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಿದಾಗ ‘ತಾಂತ್ರಿಕ ಎಂಡೋಸಲ್ಫಾನ್ ಮತ್ತು ಅದಕ್ಕೆ ಸಂಬಂಧಿಸಿದ ಐಸೋಮರ್‌ಗಳು’ ಎಂದೇ ಬರೆಯಿತು. ಅದಕ್ಕೆ ಮುನ್ನ ನಡೆದ ತಜ್ಞರ ಪರಿಶೀಲನೆ ಸಲ್ಫೇಟನ್ನೂ ಲೆಕ್ಕಕ್ಕೆ ಹಿಡಿದಿತ್ತು. ಕರ್ನಾಟಕ ಅದೇ ವರ್ಷದ ಫೆಬ್ರವರಿಯಲ್ಲಿ ನಿಷೇಧಿಸಿತ್ತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬರಲು 2017ರ ಜನವರಿ ಆಗಬೇಕಾಯಿತು.

ಪಾಠ ಸ್ವಲ್ಪ ತಲುಪಿತು ಎನ್ನಲು ಗ್ಲೈಫೋಸೇಟ್ ಸಾಕ್ಷಿ. ಇದು ಕೂಡ ಲವಣಗಳಾಗಿ ಮಾರಾಟವಾಗುವ ಆಮ್ಲ: ಶೇ. 41ರ ಐಸೊಪ್ರೊಪೈಲ್ ಅಮೈನ್ ಲವಣದಲ್ಲಿ ಆಮ್ಲ ಸುಮಾರು ಶೇ. 30, ಶೇ. 71ರ ಅಮೋನಿಯಂ ಲವಣದಲ್ಲಿ ಸುಮಾರು ಶೇ. 64. ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಅನುಮತಿಯಿಲ್ಲದ ಕಳೆನಾಶಕ ನಿರೋಧಕ ಹತ್ತಿ ಹರಡಿದ ಮೇಲೆ ಆಂಧ್ರಪ್ರದೇಶ, ತೆಲಂಗಾಣ ಸರ್ಕಾರಗಳು 2018ರಲ್ಲಿ ಮಾರಾಟಕ್ಕೆ ನಿರ್ಬಂಧ ಹಾಕಿದವು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಇದನ್ನು ಬಳಸಬಾರದೆಂದು ಹೇಳುವಾಗ ‘ಗ್ಲೈಫೋಸೇಟ್ ಮತ್ತು ಅದರ ಉತ್ಪನ್ನ ರೂಪಗಳು’ ಎಂದು ಗೆರೆಯನ್ನು ಅಗಲವಾಗಿ ಎಳೆಯಿತು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಅದು ಇನ್ನೂ ಓಡಾಡುತ್ತಿರುವುದು ಜಾರಿಯ ಸೋಲು. ಬರೆದ ಮಾತಿನಲ್ಲಿ ಬಿರುಕಿಲ್ಲ.

ಬೇರೆ ಕಡೆ ಬಿರುಕು ಉಳಿದಿದೆ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು. ಅದರಲ್ಲಿ ಕಾರ್ಬೊಫ್ಯೂರಾನ್ ಇತ್ತು, ದೇಹದಲ್ಲೂ ಗಿಡದಲ್ಲೂ ಕಾರ್ಬೊಫ್ಯೂರಾನ್ ಆಗಿ ಒಡೆಯುವ ಬೆನ್‌ಫ್ಯೂರಾಕಾರ್ಬ್ ಇತ್ತು. ಮೆಥೊಮಿಲ್ ಇತ್ತು, ಮೆಥೊಮಿಲ್ ಆಗಿ ಒಡೆಯುವ ಥಯೊಡಿಕಾರ್ಬ್ ಕೂಡ ಇತ್ತು. ಕುಟುಂಬ ನೋಡಿ ಮಾಡಿದ ಪಟ್ಟಿಯಂತೆ ಕಾಣುತ್ತದೆ. 2023ರ ಸೆಪ್ಟೆಂಬರಿನ ಅಂತಿಮ ಆದೇಶ ಕಿರಿದಾಯಿತು. ಡೈಕೊಫಾಲ್, ಡೈನೊಕ್ಯಾಪ್, ಮೆಥೊಮಿಲ್ ನಿಷೇಧಕ್ಕೆ ಒಳಗಾದವು. ಮೊನೊಕ್ರೊಟೊಫಾಸ್‌ನ ಶೇ. 36ರ ದ್ರಾವಣಕ್ಕೆ ಕೊನೆಯ ಗಡುವು ಬಿತ್ತು. ಕಾರ್ಬೊಫ್ಯೂರಾನ್ ಶೇ. 3ರ ಹರಳಿನ ರೂಪಕ್ಕೆ ಸೀಮಿತವಾಯಿತು.

ಕಾರ್ಬೊಸಲ್ಫಾನ್ 27ರ ಪಟ್ಟಿಯಲ್ಲೇ ಇರಲಿಲ್ಲ. ಅದೂ ಕಾರ್ಬೊಫ್ಯೂರಾನ್ ಆಗಿಯೇ ಒಡೆಯುವ ವಸ್ತು. ನಮ್ಮಲ್ಲಿ ಭತ್ತಕ್ಕೆ, ಮೆಣಸಿನಕಾಯಿಗೆ ನೋಂದಣಿ ಪಡೆದದ್ದು. ಕೃಷ್ಣಾ ಡೆಲ್ಟಾದ, ಗುಂಟೂರಿನ, ತುಂಗಭದ್ರಾ ಅಚ್ಚುಕಟ್ಟಿನ ಮುಖ್ಯ ಬೆಳೆಗಳು ಅವೇ. ಅಪಾಯಕಾರಿ ರಾಸಾಯನಿಕಗಳನ್ನು ಕಳಿಸುವ ಮೊದಲು ಆಮದು ದೇಶದ ಒಪ್ಪಿಗೆ ಕೇಳಬೇಕೆನ್ನುವ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಕಾರ್ಬೊಫ್ಯೂರಾನ್ ಸೇರಿದ್ದು 2017ರಲ್ಲಿ, ಕಾರ್ಬೊಸಲ್ಫಾನ್ ಸೇರಿದ್ದು 2025ರಲ್ಲಿ. ನೋಂದಣಿ ಸಮಿತಿ ಮುಂದಿನ ಪರಿಶೀಲನೆಯಲ್ಲಿ ಇವನ್ನು ಒಂದೇ ಕಡತದಲ್ಲಿ ಇಡಬೇಕು. ಡಬ್ಬಿಯ ಮೇಲೆ ಲವಣದ ಶೇಕಡಾ ಜೊತೆಗೆ ಮೂಲ ಆಮ್ಲದ ಪ್ರಮಾಣವನ್ನೂ, ಒಡೆದ ಮೇಲೆ ಏನಾಗುತ್ತದೆ ಎಂಬುದನ್ನೂ ಕನ್ನಡ, ತೆಲುಗು ಅಕ್ಷರಗಳಲ್ಲಿ ಓದುವಷ್ಟು ದೊಡ್ಡದಾಗಿ ಅಚ್ಚುಹಾಕಿಸಬೇಕು. ಇದಕ್ಕೆ ಬೇಕಾದ ರಸಾಯನಶಾಸ್ತ್ರವೆಲ್ಲ ಕಂಪನಿಗಳು ಒಪ್ಪಿಸಿದ ಕಡತಗಳಲ್ಲಿ ಆಗಲೇ ಇದೆ.