ಒಂದು ಪುಟ, ಒಂದು ನಿಮಿಷ

1960ರಲ್ಲಿ ತೆರೆಕಂಡ ‘ಮೊಘಲ್-ಎ-ಆಝಮ್’ ಚಿತ್ರದ ಉರ್ದು ಸಂಭಾಷಣೆಯನ್ನು ಅಮಾನ್, ಕಮಾಲ್ ಅಮ್ರೋಹಿ, ವಜಾಹತ್ ಮಿರ್ಝಾ, ಎಹ್ಸಾನ್ ರಿಝ್ವಿ ಸೇರಿ ಬರೆದರು. ಕಂಪ್ಯೂಟರಿನ ನೆರವೇನೂ ಆಗ ಇರಲಿಲ್ಲ.

ಹಾಲಿವುಡ್‌ನಲ್ಲಿ ಚಿತ್ರಕಥೆ ಸಿದ್ಧವಾಗುತ್ತಿದ್ದುದು ಟೈಪ್‌ರೈಟರಿನಲ್ಲಿ. ಅದರ ಅಕ್ಷರಗಳೆಲ್ಲ ಒಂದೇ ಅಗಲ. ಹಾಗಾಗಿ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ರೂಢಿಗೆ ಬಂತು. ಮುಂದೆ ‘ಫೈನಲ್ ಡ್ರಾಫ್ಟ್’ನಂತಹ ತಂತ್ರಾಂಶಗಳೂ ಟೈಪ್‌ರೈಟರಿನ ‘ಕೊರಿಯರ್’ ಅಕ್ಷರವನ್ನೇ ಉಳಿಸಿಕೊಂಡವು. ಆದರೆ ಹೊಸಬರಿಗೆ ಅವುಗಳ ಬೆಲೆ ಕೈಗೆಟುಕುವಂಥದ್ದಲ್ಲ.

2012ರಲ್ಲಿ ಬಂದ ‘ಫೌಂಟನ್’ ಉಚಿತ ಪದ್ಧತಿ. ಪಾತ್ರದ ಹೆಸರನ್ನು ಅದು ಇಂಗ್ಲಿಷಿನ ದೊಡ್ಡಕ್ಷರದಿಂದ ಗುರುತಿಸುತ್ತದೆ. ಕನ್ನಡಕ್ಕೆ, ಉರ್ದುವಿಗೆ ದೊಡ್ಡಕ್ಷರವೆಲ್ಲಿದೆ? ಹೆಸರಿನ ಹಿಂದೆ ಇ-ಮೇಲ್ ವಿಳಾಸದ ‘ಅಟ್’ ಚಿಹ್ನೆ ಹಾಕಿದರೆ ಸಾಕು.

ಪುಟದ ಲೆಕ್ಕ ಮಾತ್ರ ನಮ್ಮ ಲಿಪಿಗೆ ಹೊಂದದು. ಗಡಿಯಾರ ಎದುರಿಗಿಟ್ಟು, ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವುದೇ ಮೇಲು.